1093ನೇ ಕಾರ್ಡಿನಲ್ಲಿ ತಪ್ಪಿಹೋದ ನವಿಲು



ಕಳೆದ ಆಯುಧಪೂಜೆ ರಜೆಗೆ ನಾನು ಸಿರುಮುಗೈಗೆ ಹೋಗಿದ್ದೆ. ತಾಳವಾಡಿಯಿಂದ ಹೊರಟು ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ಮುಂದೆ ಹೋದರೆ ಭವಾನಿ ಹೊಳೆಯ ಪಕ್ಕದಲ್ಲಿ ಸಿಗುವ ಊರು ಅದು. ಕೊಯಮತ್ತೂರು ಜಿಲ್ಲೆ, ಮೇಟ್ಟುಪಾಳ್ಯಂ ಹತ್ತಿರ. ಅಲ್ಲಿ ನೇಯ್ಗೆ ಮಾಡುವ ದೇವಾಂಗದವರ ಮನೆಗಳು ಬಹಳ. ಅಂಗಡಿಯ ಬೋರ್ಡು ತಮಿಳು, ಮಕ್ಕಳ ಓದು ತಮಿಳು; ಹೊಸಿಲು ದಾಟಿ ಒಳಗೆ ಹೋದರೆ ಮಾತು ಕನ್ನಡ. ನನ್ನ ಸೋದರಮಾವ ಅಲ್ಲೇ ಮಗ್ಗ ಹಾಕಿಕೊಂಡಿದ್ದಾರೆ.

ಮಗ್ಗಕ್ಕೆ ಅರಿಶಿನ, ಕುಂಕುಮ, ಹೂವು ಎಲ್ಲಾ ಆಗಿತ್ತು. ಮಾವನ ಮುಖ ಮಾತ್ರ ಸಪ್ಪಗಿತ್ತು.

"ಬಾಪ್ಪಾ, ನೀನು ಸೈನ್ಸ್ ಮಾಸ್ಟ್ರು ಅಲ್ವಾ? ಇದನ್ನ ಸ್ವಲ್ಪ ನೋಡು" ಅಂತ ಮಗ್ಗದ ಹತ್ತಿರ ಕರೆದುಕೊಂಡು ಹೋದರು.

ಮಗ್ಗದ ಮೇಲೆ ಅರ್ಧ ನೇಯ್ದ ಸೆರಗು ಇತ್ತು. ಕೆಳಗೆ ಮಾವಿನಕಾಯಿ ಬುಟ್ಟಾಗಳ ಸಾಲು, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ನವಿಲು. ನವಿಲಿನ ಕಾಲು ಬಂದಿದೆ, ಹೊಟ್ಟೆ ಬಂದಿದೆ, ಕತ್ತು ಬರಬೇಕು. ಕತ್ತು ಬರಬೇಕಾದ ಜಾಗದಲ್ಲಿ ಮತ್ತೆ ಮಾವಿನಕಾಯಿ! ಅದೂ ಮೊದಲಿದ್ದ ಜಾಗದಲ್ಲಿ ಅಲ್ಲ, ಒಂದಿಷ್ಟು ಪಕ್ಕಕ್ಕೆ ಸರಿದು ಕೂತಿತ್ತು.

"ಪೆಟ್ಟಿಗೆ ಕೊಟ್ಟವರಿಗೆ ಫೋನ್ ಮಾಡಿದ್ರಾ ಮಾವ?"

"ಮಾಡ್ದೆ. ಪೆಟ್ಟಿಗೆ ಸರಿಯಾಗೇ ಇದೆ, ನೀವೇ ಡಿಸೈನ್ ಫೈಲು ತಪ್ಪಾಗಿ ಹಾಕಿದೀರ ಅಂತಾರೆ. ನೂಲು ಕೊಟ್ಟ ಯಜಮಾನರು ಕೂಲಿಲಿ ಹಿಡ್ಕೋತಾರೆ. ನಾಲ್ಕು ದಿನದ ಕೆಲಸ ಹೋಯ್ತು."

ತಪ್ಪು ಮಾವನದೋ, ಪೆಟ್ಟಿಗೆಯದೋ? ಆ ಸಂಜೆ ಒಂದು ಗುಣಾಕಾರ ಅದನ್ನು ಹೇಳಿಬಿಟ್ಟಿತು. ಆ ಗುಣಾಕಾರದ ಕಥೆಯೇ ಈ ಲೇಖನ.

ಜಕಾರ್ಡ್: ತೂತಿನ ಭಾಷೆ

ನೇಯ್ಗೆಯಲ್ಲಿ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. 'ಹಾಸುಹೊಕ್ಕು' ಅನ್ನುವ ಮಾತು ಬಂದದ್ದೇ ಇಲ್ಲಿಂದ. ಲಾಳಿ ಅಡ್ಡ ಓಡುವ ಮೊದಲು ಹಾಸಿನ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗೇ ಇರಬೇಕು ಅಂತ ತೀರ್ಮಾನವಾಗಬೇಕು. ಅದರಿಂದಲೇ ಹೂವು, ನವಿಲು, ಗೋಪುರ ಎಲ್ಲಾ ಮೂಡುವುದು.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಈ ತೀರ್ಮಾನವನ್ನು ರಟ್ಟಿನ ಕಾರ್ಡುಗಳಿಗೆ ವಹಿಸುವ ಯಂತ್ರ ಮಾಡಿದ. ಒಂದು ಹೊಕ್ಕಿಗೆ ಒಂದು ಕಾರ್ಡು. ಕಾರ್ಡಿನಲ್ಲಿ ತೂತು ಇದ್ದರೆ ಆ ಜಾಗದ ಹುಕ್ಕು ಮೇಲೇಳುತ್ತದೆ, ಅದಕ್ಕೆ ಕಟ್ಟಿದ ಎಳೆಯೂ ಏಳುತ್ತದೆ. ತೂತು ಇಲ್ಲದಿದ್ದರೆ ಇಲ್ಲ. ಕಾರ್ಡುಗಳನ್ನೆಲ್ಲ ದಾರದಿಂದ ಹೊಲಿದು ಸರಮಾಲೆ ಮಾಡಿ ಮಗ್ಗದ ಮೇಲೆ ನೇತುಹಾಕುತ್ತಾರೆ. ನಮ್ಮ ಮಾವನ ಮನೆಯ ಅಟ್ಟದ ಮೇಲೆ ಇನ್ನೂ ಹಳೆಯ ಸರಗಳಿವೆ. ಅವರು ಅದನ್ನು 'ಅಟ್ಟೆ' ಅಂತಾರೆ.

ಜಕಾರ್ಡನ ಭಾವಚಿತ್ರವನ್ನೇ 1839ರಲ್ಲಿ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ಕಾರ್ಡು ಸುಮಾರು 24,000! ಇಂಗ್ಲೆಂಡಿನ ಚಾರ್ಲ್ಸ್ ಬಾಬೇಜ್ ಆ ಚಿತ್ರದ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದ. ತಾನು ಯೋಚಿಸಿದ್ದ ಲೆಕ್ಕದ ಯಂತ್ರಕ್ಕೂ ಇಂಥ ಕಾರ್ಡುಗಳನ್ನೇ ಬಳಸಬೇಕು ಅಂತ ಅವನ ಯೋಜನೆ.

ತೂತು ಇದೆ ಅಥವಾ ಇಲ್ಲ, ಅಂದರೆ 1 ಅಥವಾ 0. ಇದೇ ಕಂಪ್ಯೂಟರಿನ ಬಿಟ್. ಮಾವನ ಜಕಾರ್ಡಿಗೆ 480 ಹುಕ್ಕು. ಆದ್ದರಿಂದ ಒಂದು ಕಾರ್ಡು = 480 ಬಿಟ್. 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಒಂದು ಕಾರ್ಡು = 60 ಬೈಟ್. ಈಗ ಮಾವನ ಮಗ್ಗದ ಮೇಲೆ ಅಟ್ಟೆಯ ಸರ ಇಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಪೆಟ್ಟಿಗೆಯ ಮೆಮೊರಿಯಲ್ಲಿ ಕಾರ್ಡುಗಳು ಬೈಟ್‌ಗಳಾಗಿ ಒಂದರ ಹಿಂದೆ ಒಂದು ಕೂತಿರುತ್ತವೆ. ಪೆಡಲು ತುಳಿದಾಗಲೆಲ್ಲ ಒಳಗಿನ ಚಿಪ್ಪು 60 ಬೈಟ್ ಓದಿ, ಯಾವ ಹುಕ್ಕನ್ನು ಎತ್ತಬೇಕೋ ಅದರ ಕಾಂತಕ್ಕೆ ಕರೆಂಟು ಕೊಡುತ್ತದೆ. ತಿರುಪ್ಪೂರಿನ ನಿಟ್ಟಿಂಗ್ ಯಂತ್ರಗಳಲ್ಲಿ ಸೂಜಿಗಳನ್ನು ಆರಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಇದ್ದರೆ, ಅದರ ತತ್ವವೂ ಇದೇ.

ಪಾಯಿಂಟರ್ ಅಂದರೆ ವಿಳಾಸದ ಚೀಟಿ

ಇಂಥ ಪೆಟ್ಟಿಗೆಗಳ ಪ್ರೋಗ್ರಾಮನ್ನು ಹೆಚ್ಚಾಗಿ ಬರೆಯುವುದು ಸಿ ಭಾಷೆಯಲ್ಲಿ. ಒಂದು ವಿನ್ಯಾಸದ ಹೆಸರು, ಎಷ್ಟು ಹುಕ್ಕು, ಎಷ್ಟು ಕಾರ್ಡು, ಆಮೇಲೆ ಕಾರ್ಡುಗಳು, ಇವನ್ನೆಲ್ಲ ಒಂದೇ ಗಂಟು ಕಟ್ಟಿ ಇಟ್ಟರೆ ಅದಕ್ಕೆ ಸಿ ಭಾಷೆಯಲ್ಲಿ ಸ್ಟ್ರಕ್ಚರ್ ಅಂತ ಹೆಸರು.

ಪ್ರೋಗ್ರಾಮಿನ ಒಂದು ಭಾಗ ಇನ್ನೊಂದು ಭಾಗಕ್ಕೆ ಈ ಗಂಟನ್ನು ಹೇಗೆ ಕೊಡಬೇಕು? ಚಿಕ್ಕ ಗಂಟಾದರೆ ನಕಲು ಮಾಡಿ ಕೊಡಬಹುದು. ದೊಡ್ಡದಾದರೆ? ಬೀರುವಿನಲ್ಲಿರುವ ಒಂದು ಪುಸ್ತಕ ಬೇಕೆಂದು ಯಾರೂ ಬೀರುವನ್ನೇ ಹೊತ್ತು ತರುವುದಿಲ್ಲ. 'ಮೂರನೇ ತಟ್ಟೆ, ಎಡಗಡೆಯಿಂದ ಐದನೆಯದು' ಅಂತ ಚೀಟಿ ಬರೆದು ಕೊಟ್ಟರೆ ಸಾಕು. ಈ ಚೀಟಿಯೇ ಪಾಯಿಂಟರ್. ಮೆಮೊರಿಯಲ್ಲಿ ಪ್ರತಿ ಬೈಟಿಗೂ ಒಂದು ಮನೆ ನಂಬರ್ ಇರುತ್ತದೆ. ಆ ನಂಬರನ್ನು ಬರೆದಿಟ್ಟುಕೊಳ್ಳುವ ಜಾಗ ಪಾಯಿಂಟರ್.

ಇನ್ನೊಂದು ಮುಖ್ಯ ವಿಷಯ: ಚೀಟಿಗೂ ಒಂದು ಅಳತೆ ಇದೆ. ಚೀಟಿಯಲ್ಲಿ ಎರಡೇ ಅಂಕಿ ಬರೆಯಲು ಜಾಗ ಇದ್ದರೆ 00ಯಿಂದ 99ರವರೆಗಿನ ಮನೆಗಳನ್ನು ಮಾತ್ರ ಹೇಳಬಹುದು. ನೂರನೇ ಮನೆ ಇದೆ, ಅದರಲ್ಲಿ ಜನ ಇದ್ದಾರೆ, ಆದರೆ ಆ ಚೀಟಿಯಿಂದ ಅಲ್ಲಿಗೆ ಹೋಗಲು ಆಗುವುದಿಲ್ಲ. ಬೈಟ್ ಲೆಕ್ಕದಲ್ಲಿ ಹೀಗೆ:

1 ಬೈಟಿನ ಪಾಯಿಂಟರ್: 256 ಮನೆ
2 ಬೈಟಿನ ಪಾಯಿಂಟರ್: 65,536 ಮನೆ (64 ಕೆ.ಬಿ.)
4 ಬೈಟಿನ ಪಾಯಿಂಟರ್: 4,29,49,67,296 ಮನೆ (4 ಜಿ.ಬಿ.)

ಸಿರುಮುಗೈಯ ಬೀದಿಯಲ್ಲಿ ನಿಂತು ಮಾವನ ಮನೆ ಕೇಳಿದರೆ 'ಅಮ್ಮನ ಗುಡಿ ಹಿಂದೆ' ಅಂತ ಎರಡೇ ಮಾತು. ಕಾಗದವನ್ನು ಮೈಸೂರಿನಿಂದ ಹಾಕಬೇಕಾದರೆ ಊರು, ಜಿಲ್ಲೆ, ಆರಂಕಿಯ ಪಿನ್ ಕೋಡ್ ಎಲ್ಲಾ ಬೇಕು. ಗಿಡ್ಡ ವಿಳಾಸ ಬರೆಯುವುದೂ ಬೇಗ, ಓದುವುದೂ ಬೇಗ, ಆದರೆ ಅದು ಆ ಬೀದಿಗೆ ಮಾತ್ರ. ಉದ್ದದ ವಿಳಾಸಕ್ಕೆ ಕಾಗದವೂ ಹೆಚ್ಚು, ಹೊತ್ತೂ ಹೆಚ್ಚು, ಆದರೆ ಎಲ್ಲಿಗೆ ಬೇಕಾದರೂ ಮುಟ್ಟುತ್ತದೆ. ಚಿಕ್ಕ ಚಿಪ್ಪುಗಳಿಗೆ ಪ್ರೋಗ್ರಾಮ್ ಬರೆಯುವವರು ದಿನಾ ಮಾಡುವ ಆಯ್ಕೆ ಇದೇ.

ಜೇಬು, ಬೀರು ಮತ್ತು 'ಲಾರ್ಜ್' ಅನ್ನುವ ಹೆಸರು

ಮಾವನ ಪೆಟ್ಟಿಗೆಯ ಒಳಗಿದ್ದದ್ದು 8051 ಜಾತಿಯ ಚಿಪ್ಪು. ಇಂಟೆಲ್ ಕಂಪನಿ 1980ರಲ್ಲಿ ತಂದ ಈ ಚಿಪ್ಪಿನ ಸಂತತಿ ಇವತ್ತಿಗೂ ಬಳಕೆಯಲ್ಲಿದೆ. ನಾನು ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಮಾಡಿದ್ದೂ ಇದರ ಮೇಲೆಯೇ.

8051ರಲ್ಲಿ ಮೆಮೊರಿ ಎಲ್ಲಾ ಒಂದೇ ಕಡೆ ಇಲ್ಲ. ಚಿಪ್ಪಿನ ಒಳಗೇ ಇರುವ ಡೇಟಾ ಮೆಮೊರಿ ಮೊದಲ ಮಾದರಿಯಲ್ಲಿ ಬರೀ 128 ಬೈಟ್. ಇದು ಅಂಗಿಯ ಜೇಬು ಇದ್ದ ಹಾಗೆ: ಕೈಗೆ ತಕ್ಷಣ ಸಿಗುತ್ತದೆ, ಆದರೆ ಮಾವನ ಎರಡು ಕಾರ್ಡು ಹಾಕಿದರೆ 120 ಬೈಟ್ ಆಗಿ ಜೇಬು ಭರ್ತಿ. ಹೊರಗೆ 64 ಕೆ.ಬಿ.ವರೆಗೆ ಡೇಟಾ ಮೆಮೊರಿ ಜೋಡಿಸಬಹುದು. ಇದು ಬೀರು: ಜಾಗ ಜಾಸ್ತಿ, ಎದ್ದು ಹೋಗಿ ತರಬೇಕು, ನಿಧಾನ. ಪ್ರೋಗ್ರಾಮ್ ಇರುವ ಮೆಮೊರಿ ಮೂರನೆಯದು. ಅದು ಅಚ್ಚಾದ ಪುಸ್ತಕ: ಓದಬಹುದು, ತಿದ್ದುವ ಹಾಗಿಲ್ಲ.

ವೇರಿಯಬಲ್‌ಗಳನ್ನು ಎಲ್ಲಿಡಬೇಕು ಅಂತ ಕಂಪೈಲರಿಗೆ ಹೇಳುವ ಏರ್ಪಾಡಿಗೆ ಮೆಮೊರಿ ಮಾಡೆಲ್ ಅಂತ ಹೆಸರು. 8051ಕ್ಕೆ ಹೆಚ್ಚು ಬಳಸುವ ಕೈಲ್ ಕಂಪೈಲರಿನಲ್ಲಿ ಮೂರು ಮಾಡೆಲ್ ಇವೆ. ಸ್ಮಾಲ್ ಅಂದರೆ ಎಲ್ಲಾ ಜೇಬಿನಲ್ಲಿ. ಕಾಂಪ್ಯಾಕ್ಟ್ ಅಂದರೆ ಬೀರುವಿನ ಒಂದು ತಟ್ಟೆಯಲ್ಲಿ, 256 ಬೈಟ್. ಲಾರ್ಜ್ ಅಂದರೆ ಇಡೀ ಬೀರುವಿನಲ್ಲಿ, 64 ಕೆ.ಬಿ.

ಪಾಯಿಂಟರುಗಳಲ್ಲೂ ಜಾತಿಗಳಿವೆ. 'ಇದು ಜೇಬಿನದು' ಅಂತ ಮೊದಲೇ ಹೇಳಿಬಿಟ್ಟರೆ ಚೀಟಿಗೆ 1 ಬೈಟ್ ಸಾಕು. 'ಇದು ಬೀರುವಿನದು' ಅಂದರೆ 2 ಬೈಟ್. ಏನೂ ಹೇಳದಿದ್ದರೆ ಕಂಪೈಲರು 3 ಬೈಟಿನ ಸಾಮಾನ್ಯ ಪಾಯಿಂಟರ್ ಮಾಡುತ್ತದೆ: ಒಂದು ಬೈಟಿನಲ್ಲಿ ಜೇಬೋ, ಬೀರುವೋ, ಪುಸ್ತಕವೋ ಅಂತ ಗುರುತು, ಉಳಿದ ಎರಡರಲ್ಲಿ ಮನೆ ನಂಬರ್. ಅದು ಎಲ್ಲಿಗೂ ಹೋಗುತ್ತದೆ, ಆದರೆ ಪ್ರತಿ ಸಲವೂ ಗುರುತು ನೋಡಿ ಆಮೇಲೆ ಹೋಗಬೇಕಾದ್ದರಿಂದ ಎಲ್ಲಕ್ಕಿಂತ ನಿಧಾನ.

ಇಲ್ಲಿ ಒಂದು ಎಚ್ಚರಿಕೆ. ಲಾರ್ಜ್ ಅಂತ ಹೆಸರಿದ್ದ ಮಾತ್ರಕ್ಕೆ ಎಷ್ಟು ದೊಡ್ಡದಾದರೂ ಹಿಡಿಯುತ್ತದೆ ಅಂತ ಅಲ್ಲ. 64 ಕೆ.ಬಿ.ಗೆ ಅದೂ ನಿಂತುಬಿಡುತ್ತದೆ, ಯಾಕೆಂದರೆ ಬೀರುವಿನ ಚೀಟಿ 2 ಬೈಟಿನದು. 3 ಬೈಟಿನ ಪಾಯಿಂಟರಿನಲ್ಲೂ ಮನೆ ನಂಬರಿಗೆ ಇರುವುದು 2 ಬೈಟೇ. ಹೆಸರನ್ನು ನಂಬಬೇಡಿ, ಬೈಟ್ ಎಣಿಸಿ.

ಗುಣಾಕಾರ ಹೇಳಿದ ಸತ್ಯ

ಈಗ ಮಾವನ ಮಗ್ಗಕ್ಕೆ ಬರೋಣ. ಪೆಟ್ಟಿಗೆಯ ಕಿರುಪರದೆಯಲ್ಲಿ ಕಾರ್ಡಿನ ಸಂಖ್ಯೆ ಕಾಣುತ್ತದೆ. ನಾನು ಮಾವನಿಗೆ ವಿನ್ಯಾಸವನ್ನು ಮೊದಲಿಂದ ಓಡಿಸಿ, ಹುಕ್ಕುಗಳನ್ನು ನೋಡುತ್ತಾ ಬನ್ನಿ ಅಂದೆ. 1092ರವರೆಗೆ ಎಲ್ಲಾ ಸರಿ. 1093ಕ್ಕೆ ಕೆಟ್ಟಿತು. ಬಟ್ಟೆಯ ಮೇಲೂ ಅಳೆದೆವು: ಅಂಗುಲಕ್ಕೆ 52 ಹೊಕ್ಕು, ಚಿತ್ರ ಕೆಟ್ಟದ್ದು 21ನೇ ಅಂಗುಲ ಮುಗಿದ ಮೇಲೆ. 52 × 21 = 1092. ಎರಡೂ ಲೆಕ್ಕ ತಾಳೆ ಆಯಿತು.

ಆಮೇಲೆ ಮಾವನ ಮಗಳ ರಫ್ ನೋಟಿನಲ್ಲಿ ಬರೆದೆ: 1092 × 60 = 65,520.

ಈ ಸಂಖ್ಯೆ ನೋಡಿ ಎದೆ ಹೊಡೆದುಕೊಂಡಿತು. 65,536ಕ್ಕೆ ಇನ್ನು 16 ಮಾತ್ರ ಬಾಕಿ! ಅಂದರೆ 1093ನೇ ಕಾರ್ಡಿನ ಮೊದಲ 16 ಬೈಟ್ ಓದುವಷ್ಟರಲ್ಲಿ 2 ಬೈಟಿನ ಚೀಟಿ ತುಂಬಿಹೋಗಿರಬೇಕು. ಹಳೆಯ ಬೈಕಿನ ಮೀಟರು 99999 ಆದ ಮೇಲೆ 00000 ಆಗುವ ಹಾಗೆ, 65,535 ಆದ ಮೇಲೆ ಪಾಯಿಂಟರ್ ಸೊನ್ನೆಗೆ ಬಂದಿರಬೇಕು. ಸೊನ್ನೆ ನಂಬರಿನ ಮನೆಯಲ್ಲಿ ಇರುವುದೇನು? ಮೊದಲನೇ ಕಾರ್ಡು. ಮಾವಿನಕಾಯಿ!

ಊಹೆ ಸರಿಯೇ ಅಂತ ಪರೀಕ್ಷಿಸಬೇಕಲ್ಲ. 16 ಬೈಟ್ ಅಂದರೆ 16 × 8 = 128 ಹುಕ್ಕು. ಊಹೆ ಸರಿಯಾಗಿದ್ದರೆ 1093ನೇ ಕಾರ್ಡಿಗೆ ಮೊದಲ 128 ಹುಕ್ಕು ನವಿಲಿನದೇ ಆಗಿರಬೇಕು, 129ರಿಂದ ಮೊದಲನೇ ಕಾರ್ಡು ಶುರುವಾಗಬೇಕು. ಮಾವ ಟಾರ್ಚು ಹಿಡಿದರು, ನಾನು ಎಣಿಸಿದೆ. ಸರಿಯಾಗಿ 128! ಅಲ್ಲಿಂದ ಮುಂದಿನ ಎಲ್ಲಾ ಕಾರ್ಡುಗಳೂ ಅದೇ 128 ಹುಕ್ಕಿನಷ್ಟು ಪಕ್ಕಕ್ಕೆ ಸರಿದಿದ್ದವು. ಮಾವಿನಕಾಯಿ ಜಾಗ ಬಿಟ್ಟು ಕೂತಿದ್ದು ಇದಕ್ಕೇ.

ಇಷ್ಟು ದಿನ ಯಾಕೆ ಹೀಗಾಗಿರಲಿಲ್ಲ? ಮಾವನ ಹಳೆಯ ವಿನ್ಯಾಸಗಳು 600 ಕಾರ್ಡಿನ ಆಸುಪಾಸು. 600 × 60 = 36,000, ಚೀಟಿಯ ಒಳಗೇ ಮುಗಿಯುತ್ತಿತ್ತು. ಈ ನವಿಲಿನ ಸೆರಗಿಗೆ 1,500 ಕಾರ್ಡು, 90,000 ಬೈಟ್. ತಪ್ಪು ಮೊದಲ ದಿನದಿಂದಲೂ ಒಳಗಿತ್ತು, ದೊಡ್ಡ ವಿನ್ಯಾಸ ಬರುವವರೆಗೆ ಕಾಣಲಿಲ್ಲ.

ಫೋನಿನಲ್ಲಿ ಈ ಮೂರು ಸಂಖ್ಯೆ, 1092, 65,520, 128, ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ದಿನ ಬಿಟ್ಟು ಒಬ್ಬ ಹುಡುಗ ಬಂದ, ಡಿಪ್ಲೊಮಾ ಓದಿದವನು. ಪೆಟ್ಟಿಗೆಯಲ್ಲಿ 128 ಕೆ.ಬಿ. ಮೆಮೊರಿ ಇದೆಯಂತೆ, 64 ಕೆ.ಬಿ.ಯ ಎರಡು ಬ್ಯಾಂಕು. ಚಿಪ್ಪಿಗೆ ಎರಡನೇ ಬೀರುವನ್ನು ತೋರಿಸಬೇಕಾದರೆ ಪ್ರೋಗ್ರಾಮೇ ಒಂದು ಪಿನ್ನನ್ನು 0ಯಿಂದ 1ಕ್ಕೆ ಬದಲಿಸಬೇಕು. ವಿನ್ಯಾಸ ತುಂಬುವ ಭಾಗದಲ್ಲಿ ಆ ಸಾಲು ಇತ್ತು. ನೇಯುವಾಗ ಓದುವ ಭಾಗದಲ್ಲಿ ಬಿಟ್ಟುಹೋಗಿತ್ತು. "ತಪ್ಪು ನಮ್ಮದೇ ಸಾರ್" ಅಂತ ಒಪ್ಪಿಕೊಂಡ. ನೂಲಿನ ದುಡ್ಡು ಅವರೇ ಕೊಟ್ಟರು. ಕೂಲಿ ಬರಲಿಲ್ಲ. "ಹೋಗ್ಲಿ, ತಪ್ಪು ನಂದಲ್ಲ ಅಂತ ಯಜಮಾನ್ರಿಗೆ ಗೊತ್ತಾಯ್ತಲ್ಲ" ಅಂದರು ಮಾವ.

60ರ ಬದಲು 64 ಯಾಕೆ?

ಆ ಹುಡುಗ ಮಾಡಿದ ರಿಪೇರಿಯಲ್ಲಿ ಒಂದು ಜಾಣತನ ಇತ್ತು. ಮರೆತ ಸಾಲನ್ನು ಸೇರಿಸಿದ್ದರ ಜೊತೆಗೆ, ಪ್ರತಿ ಕಾರ್ಡಿಗೆ 60ರ ಬದಲು 64 ಬೈಟ್ ಜಾಗ ಕೊಟ್ಟ. ಕೊನೆಯ 4 ಬೈಟ್ ಖಾಲಿ. ವ್ಯರ್ಥ ಅನ್ನಿಸುತ್ತದೆ ಅಲ್ವಾ? ಲೆಕ್ಕ ನೋಡಿ: 1024 × 64 = 65,536, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಈಗ ಯಾವ ಕಾರ್ಡೂ ಅರ್ಧ ಈ ಬೀರು, ಅರ್ಧ ಆ ಬೀರು ಅಂತ ಹರಿದುಹೋಗುವುದಿಲ್ಲ. ಕಾರ್ಡುಗಳನ್ನು ಸೊನ್ನೆಯಿಂದ ಎಣಿಸಿ, ಸಂಖ್ಯೆಯನ್ನು 1024ರಿಂದ ಭಾಗಿಸಿ: ಭಾಗಲಬ್ಧ ಬೀರುವಿನ ಸಂಖ್ಯೆ, ಶೇಷವನ್ನು 64ರಿಂದ ಗುಣಿಸಿದರೆ ಮನೆ ನಂಬರ್.

ನವಿಲು ತಪ್ಪಿಹೋದ 1093ನೇ ಕಾರ್ಡು ಸೊನ್ನೆಯಿಂದ ಎಣಿಸಿದರೆ 1092. ಭಾಗಲಬ್ಧ 1, ಶೇಷ 68. ಆದ್ದರಿಂದ ಅದು ಎರಡನೇ ಬೀರುವಿನ 68 × 64 = 4,352ನೇ ಮನೆ. ನೀವು ಐದನೇ ಕ್ಲಾಸಿನಲ್ಲಿ ಕಲಿತ ಭಾಗಾಕಾರ ಇಷ್ಟು ದೂರ ಬರುತ್ತದೆ.

ಹತ್ತಿರ, ದೂರ, ಬಲು ದೊಡ್ಡದು

ಈ 64 ಕೆ.ಬಿ. ಗೋಡೆಗೆ ಹಣೆ ಚಚ್ಚಿಕೊಂಡವರು ನಮ್ಮ ಮಾವ ಒಬ್ಬರೇ ಅಲ್ಲ. 1978ರಲ್ಲಿ ಬಂದ ಇಂಟೆಲ್ 8086 ಚಿಪ್ಪು 1 ಎಂ.ಬಿ. ಮೆಮೊರಿ ಮುಟ್ಟಬಲ್ಲದು, ಆದರೆ ಅದರ ರಿಜಿಸ್ಟರುಗಳು 16 ಬಿಟ್. ಅದಕ್ಕೆ ವಿಳಾಸವನ್ನು ಎರಡು ತುಂಡಾಗಿ ಬರೆದರು: ಸೆಗ್ಮೆಂಟ್ ಮತ್ತು ಆಫ್‌ಸೆಟ್. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ನಿಜವಾದ ಮನೆ ನಂಬರ್.

ಆ ಕಾಲದ ಸಿ ಕಂಪೈಲರುಗಳಲ್ಲಿ ಮೂರು ಬಗೆಯ ಪಾಯಿಂಟರ್ ಬಂದವು. ನಿಯರ್: ಆಫ್‌ಸೆಟ್ ಮಾತ್ರ, 2 ಬೈಟ್, ಒಂದೇ ಸೆಗ್ಮೆಂಟಿನ ಒಳಗೆ. ಫಾರ್: ಎರಡೂ ತುಂಡು, 4 ಬೈಟ್, ಎಲ್ಲಿಗಾದರೂ ಹೋಗುತ್ತದೆ. ಆದರೆ ಫಾರ್ ಪಾಯಿಂಟರಿಗೆ 1 ಕೂಡಿಸುತ್ತಾ ಹೋದರೆ ಆಫ್‌ಸೆಟ್ ಮಾತ್ರ ಏರುತ್ತದೆ, 65,535 ಆದ ಮೇಲೆ ಅದೂ ಸೊನ್ನೆಗೆ ಬರುತ್ತದೆ. ಮಾವನ ಮಗ್ಗದ ಕಥೆಯೇ! ಹ್ಯೂಜ್: ಇದೂ 4 ಬೈಟ್, ಆದರೆ ಕೂಡಿಸುವಾಗ ಸೆಗ್ಮೆಂಟನ್ನೂ ಸರಿಮಾಡುತ್ತದೆ. 64 ಕೆ.ಬಿ. ಮೀರಿದ ಸ್ಟ್ರಕ್ಚರುಗಳಿಗೆ ಇದೇ ಬೇಕು. ಪ್ರತಿ ಹೆಜ್ಜೆಗೂ ಹೆಚ್ಚಿನ ಲೆಕ್ಕ ಮಾಡಬೇಕಾದ್ದರಿಂದ ನಿಧಾನ.

ಫಾರ್‌ನಲ್ಲಿ ಇನ್ನೊಂದು ತಮಾಷೆ. ಸೆಗ್ಮೆಂಟ್ 100, ಆಫ್‌ಸೆಟ್ 16 ಅಂದರೆ 1,616ನೇ ಮನೆ. ಸೆಗ್ಮೆಂಟ್ 101, ಆಫ್‌ಸೆಟ್ 0 ಅಂದರೂ 1,616ನೇ ಮನೆಯೇ. ಮೂಲೆ ಮನೆಗೆ ಎರಡು ಬೀದಿಯ ವಿಳಾಸ ಇದ್ದ ಹಾಗೆ. ಎರಡು ಫಾರ್ ಪಾಯಿಂಟರನ್ನು ಹೋಲಿಸಿ 'ಇವು ಬೇರೆ ಬೇರೆ ಮನೆ' ಅಂತ ಪ್ರೋಗ್ರಾಮು ಮೋಸ ಹೋಗಬಹುದು.

ನಿಮ್ಮ ಶಾಲೆಯ ಆರ್ಡುಯಿನೊ

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯವರು ಆರ್ಡುಯಿನೊ ಊನೊ ನೋಡಿರುತ್ತೀರಿ. ಅದರ ರ್‍ಯಾಮ್ 2,048 ಬೈಟ್. ಬೇರೇನೂ ಇಡದಿದ್ದರೂ ಮಾವನ 34 ಕಾರ್ಡು ಮಾತ್ರ ಹಿಡಿಯುತ್ತದೆ. ಆದ್ದರಿಂದ ದೊಡ್ಡ ಚಿತ್ರ, ಪಟ್ಟಿ, ರಾಗದ ಸ್ವರಗಳು ಇಂಥವನ್ನು ಫ್ಲಾಷ್ ಮೆಮೊರಿಯಲ್ಲಿ ಇಡಬೇಕು. ಆರ್ಡುಯಿನೊ ಮೆಗಾದಲ್ಲಿ ಫ್ಲಾಷ್ 256 ಕೆ.ಬಿ., ಆದರೆ ಸಾಧಾರಣ ಪಾಯಿಂಟರ್ 2 ಬೈಟಿನದೇ. ಮೊದಲ 64 ಕೆ.ಬಿ. ದಾಟಿದ ಡೇಟಾ ಓದಲು ಹೆಸರಿನ ಕೊನೆಗೆ 'ಫಾರ್' ಇರುವ ಬೇರೆ ಆಜ್ಞೆಗಳೇ ಇವೆ.

ಇನ್ನೂ ಒಂದು ಗುಂಡಿ: ಊನೊ, ಮೆಗಾ ಎರಡರಲ್ಲೂ 'ಇಂಟ್' ಅಂದರೆ 16 ಬಿಟ್, ಗರಿಷ್ಠ 32,767. 546 × 60 = 32,760 ಸರಿ. 547 × 60 = 32,820, ಮಿತಿ ಮೀರಿತು. ಪಾಯಿಂಟರಿಗಿಂತ ಮೊದಲೇ ಗುಣಾಕಾರವೇ ಕೆಡುತ್ತದೆ. ದೊಡ್ಡ ಲೆಕ್ಕಕ್ಕೆ 'ಅನ್‌ಸೈನ್ಡ್ ಲಾಂಗ್' ಬಳಸಿ.

ಈಗಿನ 32 ಬಿಟ್ ಚಿಪ್ಪುಗಳಲ್ಲಿ ಪಾಯಿಂಟರ್ 4 ಬೈಟ್, 64 ಕೆ.ಬಿ. ಗೋಡೆ ಅಲ್ಲಿ ಇಲ್ಲ. ಆದರೆ ಹಳೆಯ ಪೆಟ್ಟಿಗೆಗಳು ಮಗ್ಗದ ಮೇಲೆ, ಕಾರ್ಖಾನೆಯಲ್ಲಿ ಇನ್ನೂ ಓಡುತ್ತಿವೆ. ಅವನ್ನು ರಿಪೇರಿ ಮಾಡಲು ಹೋಗುವವರು ನಾಳೆ ನೀವೇ ಆಗಿರಬಹುದು. ಯಂತ್ರ ತಪ್ಪು ಮಾಡಿದಾಗ ಎಷ್ಟನೆಯದಕ್ಕೆ ತಪ್ಪಿತು ಅಂತ ಮೊದಲು ಎಣಿಸಿ. 256, 32,768, 65,536 ಇವುಗಳ ಹತ್ತಿರ ಬಂದರೆ ಅನುಮಾನ ಪಡಿ. ಕೆಲಸ ಮಾಡುತ್ತಿದ್ದವರ ಮೇಲೆ ತಪ್ಪು ಹೊರಿಸುವುದು ಆಮೇಲೆ.

ನವಿಲಿನ ಸೆರಗು ದೀಪಾವಳಿಗೆ ಮೊದಲು ಮುಗಿಯಿತು. ಮಾವ ಫೋಟೊ ಕಳಿಸಿದ್ದರು. ಕತ್ತು ನೆಟ್ಟಗಿತ್ತು.

ಮಾಡಿ ನೋಡಿ

ಕಾಗದದ ಪಟ್ಟಿಯಲ್ಲಿ 16 ಮನೆ ಬರೆದು 0ಯಿಂದ 15ರವರೆಗೆ ನಂಬರ್ ಹಾಕಿ. ಎರಡು ತುದಿ ಅಂಟಿಸಿ ಬಳೆ ಮಾಡಿ. ಇದು 4 ಬಿಟ್ ಪಾಯಿಂಟರಿನ ಲೋಕ. 6 ಮನೆಗೆ ಒಂದು ಕಾರ್ಡು ಅಂತ ಎಣಿಸುತ್ತಾ ಹೋಗಿ. ಮೂರನೇ ಕಾರ್ಡು ಎಲ್ಲಿ ಹರಿಯಿತು? ಈಗ 8 ಮನೆಗೆ ಒಂದು ಕಾರ್ಡು ಅಂತ ಎಣಿಸಿ. ಏನು ವ್ಯತ್ಯಾಸ? ಬೇರೆ ಬಣ್ಣದ ಇನ್ನೊಂದು ಬಳೆ ಮಾಡಿದರೆ ಅದೇ ಎರಡನೇ ಬ್ಯಾಂಕು.

ನೀವೇ ಲೆಕ್ಕ ಹಾಕಿ

1. ಜಕಾರ್ಡಿಗೆ 400 ಹುಕ್ಕು ಇದ್ದರೆ ಇದೇ ತಪ್ಪು ಎಷ್ಟನೇ ಕಾರ್ಡಿನಲ್ಲಿ ಕಾಣುತ್ತದೆ? ಆ ಕಾರ್ಡಿನಲ್ಲಿ ಎಷ್ಟು ಹುಕ್ಕು ಸರಿಯಾಗಿರುತ್ತವೆ?

2. 240 ಹುಕ್ಕಿನ ಜಕಾರ್ಡಿನ ಕಾರ್ಡುಗಳು ಹರಿಯದಿರಲು ಒಂದು ಕಾರ್ಡಿಗೆ ಎಷ್ಟು ಬೈಟ್ ಕೊಡುತ್ತೀರಿ? ಆಗ 64 ಕೆ.ಬಿ.ಯಲ್ಲಿ ಎಷ್ಟು ಕಾರ್ಡು ಹಿಡಿಯುತ್ತವೆ?

ಉತ್ತರ: 1) 1311ನೇ ಕಾರ್ಡು, 288 ಹುಕ್ಕು. 2) 32 ಬೈಟ್, 2,048 ಕಾರ್ಡು.